ಸಹಾಯಕಿಯೋ ಸಹಕಾರಿಯೋ: ಎರಡು ಹೀಬ್ರೂ ಪದಗಳ ಹಿಂದೆ ಎರಡು ವರ್ಷ

 ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಪಾತ್ರೆ ತೊಳೀತಿರೋರಿಗೆ, ನಿದ್ದೆ ಬರದೆ ಒಂದೇ ಕಿವಿಗೆ ಇಯರ್‌ಬಡ್ ಹಾಕ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ.

ನಿಮಗೆ ಗೊತ್ತಿರೋ ಹಾಗೆ ನಾನು ಓದಿದ್ದು ಬಿಕಾಂ. ಇಲ್ಲಿ ಸಾಮಾನ್ಯವಾಗಿ ಇಎಂಐ, ಪಿಎಫ್, ಮೊದಲ ಸಂಬಳ ಅಂತ ಮಾತಾಡ್ತಿರ್ತೀನಿ. ಇವತ್ತು ದುಡ್ಡಿನ ವಿಷಯ ಇಲ್ಲ. ಇವತ್ತು ಬರೀ ಎರಡು ಪದ. ಭಾಷೆ ಹೀಬ್ರೂ. ಪುಸ್ತಕ ಸತ್ಯವೇದದ ಮೊದಲ ಭಾಗ, ಅಂದ್ರೆ ಯೆಹೂದಿಗಳ ಧರ್ಮಗ್ರಂಥ. ಅವರು ಅದನ್ನ ತನಖ್ ಅಂತಾರೆ, ಕ್ರೈಸ್ತರು ಹಳೆಯ ಒಡಂಬಡಿಕೆ ಅಂತಾರೆ. ನೀವು ಯಾವ ಧರ್ಮದವರೇ ಆಗಿರಿ, ದೇವರನ್ನ ನಂಬಿ ಬಿಡಿ, ಪರವಾಗಿಲ್ಲ. ಯಾಕಂದ್ರೆ ಊಟದ ಟೇಬಲ್‌ನಲ್ಲಿ ಒಂದು ಪುಸ್ತಕದ ಹೆಸರು ಹೇಳಿ ಮಾತು ಮುಗಿಸೋದು ಎಲ್ಲ ಮನೆಯಲ್ಲೂ ನಡೆಯೋ ವಿಷಯ.

ನಮ್ಮ ಮನೇಲಿ ನಡೆದದ್ದು ಎರಡು ವರ್ಷದ ಹಿಂದೆ. ಅಕ್ಕನ ಮದುವೆ ಗೊತ್ತಾಗಿತ್ತು. ಅದೇ ವಾರ ಅವಳಿಗೆ ಆಫೀಸಿನಿಂದ ಪ್ರಮೋಷನ್ ಬಂತು, ಆದ್ರೆ ಬೇರೆ ಊರಿಗೆ ಟ್ರಾನ್ಸ್‌ಫರ್. ಎರಡೂ ಕಡೆಯವರು ಭಾನುವಾರ ಊಟಕ್ಕೆ ಸೇರಿದ್ವಿ. ಟ್ರಾನ್ಸ್‌ಫರ್ ಮಾತು ಬಂತು. ಹಿರಿಯರೊಬ್ಬರು, ಕೋಪದಿಂದಲ್ಲ, ತುಂಬಾ ಪ್ರೀತಿಯಿಂದಲೇ ಹೇಳಿದ್ರು: ನೋಡಮ್ಮಾ, ಹೆಣ್ಣನ್ನ ದೇವರು ಸೃಷ್ಟಿ ಮಾಡಿದ್ದೇ ಗಂಡಿಗೆ ಸಹಾಯಕಿಯಾಗಿ, ಇದು ನನ್ನ ಮಾತಲ್ಲ, ಆದಿಕಾಂಡ ಎರಡನೇ ಅಧ್ಯಾಯ ತೆಗೆದು ನೋಡು ಅಂತ.

ಅಷ್ಟೇ. ಮಾತು ಮುಗೀತು. ಅಕ್ಕ ಸಾರು ಬಡಿಸ್ತಿದ್ದಳು, ಬಡಿಸ್ತಾನೇ ಇದ್ದಳು. ಅಪ್ಪ ತಲೆ ತಗ್ಗಿಸಿ ಊಟ ಮಾಡಿದ್ರು. ನಾನೂ ಊಟ ಮಾಡಿದೆ. ಮುಂದಿನ ವಾರ ಅಕ್ಕ ಪ್ರಮೋಷನ್ ಬೇಡ ಅಂತ ಬರೆದುಕೊಟ್ಟಳು.

ಅವತ್ತು ರಾತ್ರಿ ಅಜ್ಜಿಯ ಸತ್ಯವೇದ ತೆಗೆದೆ. ಕಪ್ಪು ರಟ್ಟು, ಅಂಚಿಗೆ ಕೆಂಪು ಬಣ್ಣ, ಮಧ್ಯೆ ಒಣಗಿದ ಗರಿಯ ಶಿಲುಬೆ. ಆದಿಕಾಂಡ ಎರಡನೇ ಅಧ್ಯಾಯ, ಹದಿನೆಂಟನೇ ವಚನ. ನೋಡಿದ್ರೆ ಅಲ್ಲಿ 'ಸಹಾಯಕಿ' ಅನ್ನೋ ಪದವೇ ಇಲ್ಲ. ಅಲ್ಲಿರೋದು 'ಸಹಕಾರಿ'.

ಕಾಮರ್ಸ್ ಓದಿದವರಿಗೆ ಈ ಪದ ಕಂಡ್ರೆ ಏನು ನೆನಪಾಗುತ್ತೆ ಹೇಳಿ? ಸಹಕಾರಿ ಬ್ಯಾಂಕು, ಹಾಲು ಉತ್ಪಾದಕರ ಸಹಕಾರಿ ಸಂಘ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಶುರುವಾದ ಕೃಷಿ ಸಹಕಾರ ಸಂಘ. ಸಹಕಾರದ ಮೊದಲ ಪಾಠ ಏನು? ಒಬ್ಬ ಸದಸ್ಯ, ಒಂದು ಮತ. ಯಾರ ಹತ್ರ ಎಷ್ಟು ಷೇರು ಇದೆ ಅನ್ನೋದು ಲೆಕ್ಕಕ್ಕಿಲ್ಲ. ಸಹಾಯಕಿಗೂ ಸಹಕಾರಿಗೂ ಆಕಾಶ ಭೂಮಿ ವ್ಯತ್ಯಾಸ ಅಲ್ವಾ?

ಖುಷಿಯಾಯ್ತು. ಆದ್ರೆ ಐದು ನಿಮಿಷ ಬಿಟ್ಟು ಇನ್ನೊಂದು ಪ್ರಶ್ನೆ ಬಂತು. 'ಸಹಕಾರಿ' ಅನ್ನೋದೂ ಅನುವಾದ ತಾನೇ? ಕನ್ನಡದಲ್ಲಿ ಸತ್ಯವೇದದ ಆರಂಭದ ಕೆಲಸ ನಡೆದದ್ದು ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್, ಆಮೇಲೆ ವಿಲಿಯಂ ರೀವ್. ಈ ರೀವ್ ಇಂಗ್ಲಿಷ್ ಕನ್ನಡ ನಿಘಂಟನ್ನೂ ಮಾಡಿದವರು. ಆಮೇಲೆ ಎಷ್ಟೋ ಜನ ತಿದ್ದಿದ್ದಾರೆ. ಅವರ ಮುಂದೆ ಇದ್ದ ಮೂಲ ಪದ ಯಾವುದು? ಅದಕ್ಕೆ ಸಹಕಾರಿ ಅನ್ನೋದು ಸರಿ ಹೊಂದುತ್ತಾ, ಅಥವಾ ಕನ್ನಡದ ಪದ ನೋಡಿ ನಾನೇ ಖುಷಿ ಪಡ್ತಿದ್ದೀನಾ? ಹೀಗೆ ಶುರುವಾಯ್ತು ನನ್ನ ಹೀಬ್ರೂ.

ಮೊದಲು ಲಿಪಿ. 22 ಅಕ್ಷರ, ಅಷ್ಟೇ. ನಮ್ಮ ವರ್ಣಮಾಲೆ ಕಲಿತವರಿಗೆ ಇದು ಏನೂ ಅಲ್ಲ. ಐದು ಅಕ್ಷರಗಳು ಪದದ ಕೊನೆಯಲ್ಲಿ ಬಂದ್ರೆ ರೂಪ ಬದಲಾಯಿಸುತ್ತವೆ. ಬಲದಿಂದ ಎಡಕ್ಕೆ ಓದ್ಬೇಕು. ಮೊದಲ ಒಂದು ವಾರ ಕಣ್ಣು ತಾನಾಗೇ ಎಡಕ್ಕೆ ಓಡುತ್ತೆ, ಆಮೇಲೆ ಅಭ್ಯಾಸ ಆಗುತ್ತೆ.

ನಿಜವಾದ ತಲೆನೋವು ಬೇರೆ. ಆ 22ರಲ್ಲಿ ಎಲ್ಲವೂ ವ್ಯಂಜನ. ಪುರಾತನ ಬರವಣಿಗೆಯಲ್ಲಿ ಸ್ವರ ಬರೆಯೋ ಪದ್ಧತಿ ಪೂರ್ತಿಯಾಗಿ ಇರಲಿಲ್ಲ. ನಾವು ವಾಟ್ಸಾಪ್‌ನಲ್ಲಿ ಬಿ ಎಲ್ ಆರ್ ಅಂತ ಮೂರೇ ಅಕ್ಷರ ಹಾಕ್ತೀವಲ್ಲ, ಹಾಗೆ ಅಂದ್ಕೊಳ್ಳಿ. ನಾನು ಅದನ್ನ ಬೆಂಗಳೂರು ಅಂತ ಓದ್ತೀನಿ. ಬಳ್ಳಾರಿಯವರು ಬಳ್ಳಾರಿ ಅಂತ ಓದಿದ್ರೆ ತಪ್ಪು ಅನ್ನೋಕಾಗುತ್ತಾ? ಮುಂದೆ ಹಿಂದೆ ಏನಿದೆ ಅಂತ ನೋಡಿ ತೀರ್ಮಾನ ಮಾಡ್ಬೇಕು.

ಶತಮಾನಗಳ ಕಾಲ ಯೆಹೂದಿಗಳು ಸ್ವರಗಳನ್ನ ಬಾಯಲ್ಲಿ ಕಾಪಾಡಿದ್ರು. ತಂದೆ ಮಗನಿಗೆ, ಗುರು ಶಿಷ್ಯನಿಗೆ. ಆಮೇಲೆ ಏಳನೇ ಶತಮಾನದಿಂದ ಹತ್ತನೇ ಶತಮಾನದ ನಡುವೆ ಮಸೋರೆಟರು ಅನ್ನೋ ವಿದ್ವಾಂಸರು ಅದನ್ನ ಬರವಣಿಗೆಗೆ ಇಳಿಸಿದ್ರು. ಇವರಲ್ಲಿ ಮುಖ್ಯವಾದವರು ಗಲಿಲಾಯ ಸರೋವರದ ದಂಡೆಯ ತಿಬೇರಿಯದಲ್ಲಿದ್ದವರು. ಅಕ್ಷರವನ್ನ ಮುಟ್ಟಲಿಲ್ಲ. ಅಕ್ಷರದ ಕೆಳಗೆ, ಮೇಲೆ, ಹೊಟ್ಟೆಯೊಳಗೆ ಸಣ್ಣ ಚುಕ್ಕಿ, ಸಣ್ಣ ಗೆರೆ ಇಟ್ರು. ನಮ್ಮ ಕಾಗುಣಿತ ಇದ್ದ ಹಾಗೆ. ಇವತ್ತು ವಿದ್ಯಾರ್ಥಿಗಳು ಓದೋ ಮುದ್ರಿತ ಹೀಬ್ರೂ ಪಠ್ಯಕ್ಕೆ ಆಧಾರ 1008ರ ಸುಮಾರಿಗೆ ಬರೆದ ಒಂದು ಹಸ್ತಪ್ರತಿ. ಅದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ, ಹೆಸರು ಮಾತ್ರ ಇವತ್ತಿಗೂ ಲೆನಿನ್‌ಗ್ರಾಡ್ ಕೋಡೆಕ್ಸ್. ಅದಕ್ಕಿಂತ ಹಳೆಯದು ಅಲೆಪ್ಪೊದ ಪ್ರತಿ. ಆದ್ರೆ 1947ರ ಗಲಭೆಯ ನಂತರ ಅದರ ಬಹಳ ಹಾಳೆಗಳು ಸಿಗಲಿಲ್ಲ, ನನ್ನ ಆದಿಕಾಂಡದ ಹಾಳೆಯೂ ಸೇರಿ. ಅದೇ 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಗಳಲ್ಲಿ ಸುರುಳಿಗಳು ಬೆಳಕಿಗೆ ಬಂದವು. ಅವು ಈ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯವು.

ಇಲ್ಲಿ ನನ್ನಂಥ ಲೆಕ್ಕದವರಿಗೆ ಇಷ್ಟ ಆಗೋ ಒಂದು ವಿಷಯ ಇದೆ. ಹೀಬ್ರೂ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನದ ಒಂದು ಧಾತುವಿನಿಂದ ಹುಟ್ಟುತ್ತವೆ. ಸ, ಫ, ರ ಅನ್ನೋ ಧಾತು ತಗೊಳ್ಳಿ. ಸೇಫೆರ್ ಅಂದ್ರೆ ಪುಸ್ತಕ. ಮಿಸ್ಪಾರ್ ಅಂದ್ರೆ ಸಂಖ್ಯೆ. ಸೋಫೇರ್ ಅಂದ್ರೆ ಬರೆಯುವವನು, ಲಿಪಿಕಾರ. ತಾಲ್ಮುದ್‌ನಲ್ಲಿ ಒಂದು ವಿವರಣೆ ಇದೆ: ಹಿಂದಿನ ಲಿಪಿಕಾರರಿಗೆ ಆ ಹೆಸರು ಬಂದದ್ದು ಅವರು ಧರ್ಮಶಾಸ್ತ್ರದ ಅಕ್ಷರಗಳನ್ನೆಲ್ಲ ಎಣಿಸುತ್ತಿದ್ದದ್ದರಿಂದ ಅಂತ. ಮಸೋರೆಟರೂ ಎಣಿಸಿದ್ರು. ಒಂದು ಪುಸ್ತಕದಲ್ಲಿ ಎಷ್ಟು ವಚನ, ಒಂದು ರೂಪ ಎಷ್ಟು ಸಲ ಬರುತ್ತೆ ಅಂತ ಅಂಚಿನಲ್ಲಿ ಬರೆದಿಟ್ರು. ನಕಲು ಮಾಡುವಾಗ ಒಂದು ಅಕ್ಷರ ಕಳೆದುಹೋದ್ರೂ ಟ್ಯಾಲಿ ಆಗಲ್ಲ. ಇದು ಆಡಿಟ್ ಅಲ್ದೆ ಇನ್ನೇನು! ನಮ್ಮ ಕನ್ನಡದಲ್ಲೂ 'ಎಣಿಸು' ಅಂದ್ರೆ ಲೆಕ್ಕ ಮಾಡು ಅಂತಲೂ ಹೌದು, ಯೋಚಿಸು ಅಂತಲೂ ಹೌದು. ಕರಾವಳಿ ಕಡೆಯವರು ಈಗಲೂ 'ನಾನು ಹಾಗೆ ಎಣಿಸಿದ್ದೆ' ಅಂತಾರೆ.

ಸರಿ, ಪದ ಪದವಾಗಿ ಓದೋದ್ರಿಂದ ಏನು ಸಿಗುತ್ತೆ? ಮೂರು ಉದಾಹರಣೆ ಕೊಡ್ತೀನಿ, ಆಮೇಲೆ ನಮ್ಮ ಪದಕ್ಕೆ ಬರೋಣ.

ಒಂದು, ಮೂಗು. ಹೀಬ್ರೂದಲ್ಲಿ ಅಫ್ ಅಂದ್ರೆ ಮೂಗು. ಅದೇ ಪದಕ್ಕೆ ಕೋಪ ಅನ್ನೋ ಅರ್ಥವೂ ಇದೆ. ದೇವರು ತಾಳ್ಮೆಯವನು ಅಂತ ಹೇಳೋಕೆ ವಿಮೋಚನಕಾಂಡ 34ನೇ ಅಧ್ಯಾಯದಲ್ಲಿ ಬಳಸಿರೋ ನುಡಿಗಟ್ಟು ಎರೆಖ್ ಅಪ್ಪಾಯಿಮ್. ಪದಕ್ಕೆ ಪದ ಹೇಳಿದ್ರೆ, ಉದ್ದ ಮೂಗಿನವನು! ಇಂಗ್ಲಿಷ್‌ನವರು ಇದನ್ನ ಕೇಳಿ ನಗ್ತಾರೆ. ನಾವು ನಗಬೇಕಾಗಿಲ್ಲ. ನಮಗೂ ಕೋಪ ಇರೋದು ಮೂಗಿನ ತುದಿಯಲ್ಲೇ. ಅವನ ಮೂಗು ಉದ್ದ, ಕೋಪ ತುದಿಗೆ ಬರೋಕೆ ಹೊತ್ತು ಹಿಡಿಯುತ್ತೆ ಅಂತ ನಾನು ನೆನಪಿಟ್ಟುಕೊಂಡೆ. ಇದು ವಿದ್ವಾಂಸರ ವಿವರಣೆ ಅಲ್ಲ, ಪದ ಮರೆಯದೇ ಇರೋಕೆ ನನ್ನ ಉಪಾಯ.

ಎರಡು, ಕರುಳು. ರೆಖೆಮ್ ಅಂದ್ರೆ ಗರ್ಭಕೋಶ. ಅದೇ ಮೂರು ವ್ಯಂಜನದಿಂದ ರಖಮೀಮ್, ಅಂದ್ರೆ ಕರುಣೆ. ಸೊಲೊಮೋನನ ತೀರ್ಪಿನ ಕಥೆ ನೀವೂ ಶಾಲೇಲಿ ಕೇಳಿರ್ತೀರಿ. ಇಬ್ಬರು ತಾಯಂದಿರು, ಒಂದು ಮಗು, ಕತ್ತಿಯಿಂದ ಎರಡು ಭಾಗ ಮಾಡಿ ಅಂತ ರಾಜನ ಆಜ್ಞೆ. ನಿಜವಾದ ತಾಯಿಗೆ ಆ ಕ್ಷಣ ಆದದ್ದನ್ನ ಹೇಳೋಕೆ ಮೂಲದಲ್ಲಿರೋದು ಈ ರಖಮೀಮ್. ಇಂಗ್ಲಿಷ್‌ನ 'ಕಂಪ್ಯಾಷನ್' ಅನ್ನೋ ಪದದಲ್ಲಿ ಹೊಟ್ಟೆ ಎಲ್ಲಿದೆ? ಕನ್ನಡದಲ್ಲಿ ನಮಗೆ ಕಷ್ಟ ಇಲ್ಲ. 'ಕರುಳು ಚುರ್ ಅಂತು' ಅಂದ್ರೆ ಸಾಕು.

ಮೂರು, ಕೊಂಬು. ಅದೇ 34ನೇ ಅಧ್ಯಾಯದ ಕೊನೆಯಲ್ಲಿ ಮೋಶೆ ಬೆಟ್ಟದಿಂದ ಇಳಿದು ಬರ್ತಾನೆ. ಅವನ ಮುಖಕ್ಕೆ ಏನೋ ಆಗಿರುತ್ತೆ. ಕ್ರಿಯಾಪದ ಕರನ್. ಕೆರೆನ್ ಅಂದ್ರೆ ಕೊಂಬು, ಅದೇ ಮೂರು ವ್ಯಂಜನ. ಮುಖ ಕಿರಣ ಸೂಸುತ್ತಿತ್ತು ಅಂತ ಹೆಚ್ಚಿನವರು ಓದ್ತಾರೆ. ಸುಮಾರು 400ನೇ ಇಸವಿಯ ಹೊತ್ತಿಗೆ ಲ್ಯಾಟಿನ್‌ಗೆ ಅನುವಾದ ಮಾಡಿದ ಜೆರೋಮ್ 'ಕೊಂಬುಳ್ಳ' ಅನ್ನೋ ಅರ್ಥದ ಪದ ಹಾಕಿದ. ಸಾವಿರ ವರ್ಷ ಕಳೆದ ಮೇಲೆ ಮೈಕೆಲ್ಯಾಂಜೆಲೊ ಕೆತ್ತಿದ ಮೋಶೆಯ ತಲೆ ಮೇಲೆ ಎರಡು ಕೊಂಬು. ರೋಮ್‌ನ ಸ್ಯಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚ್‌ನಲ್ಲಿ ಈಗಲೂ ಇದೆ, ಫೋನಲ್ಲಿ ಹುಡುಕಿ ನೋಡಿ. ಒಂದು ಪದದ ಆಯ್ಕೆ ಅಮೃತಶಿಲೆ ಆಗಿ ಕೂತಿದೆ.

ಈಗ ನಮ್ಮ ಪದ. ಆದಿಕಾಂಡ ಎರಡನೇ ಅಧ್ಯಾಯದ ಆ ಜಾಗದಲ್ಲಿರೋದು ಏಜೆರ್ ಕೆನೆಗ್ದೋ. ಜ ಅಂದ್ರೆ ಜೂಮ್ ಕಾಲ್‌ನ ಜ. ಏಜೆರ್ ಅಂದ್ರೆ ಸಹಾಯ, ನೆರವು.

1890ರಲ್ಲಿ ಅಮೆರಿಕದ ಜೇಮ್ಸ್ ಸ್ಟ್ರಾಂಗ್ ಒಂದು ದೊಡ್ಡ ಪದಸೂಚಿ ತಂದ್ರು. ಸತ್ಯವೇದದ ಪ್ರತಿ ಮೂಲ ಪದಕ್ಕೂ ಒಂದು ನಂಬರ್. ಜಿಎಸ್‌ಟಿಯಲ್ಲಿ ಪ್ರತಿ ಸರಕಿಗೂ ಎಚ್‌ಎಸ್‌ಎನ್ ಕೋಡ್ ಇದ್ದ ಹಾಗೆ. ಏಜೆರ್‌ಗೆ 5828. ಆ ನಂಬರ್ ಹಿಡ್ಕೊಂಡು ಹೋದ್ರೆ ಆ ಪದ ಬರೋ ಎಲ್ಲ ಜಾಗವೂ ಸಿಗುತ್ತೆ, ಉಚಿತ ಆ್ಯಪ್‌ಗಳಲ್ಲೇ. ನಾನು ಎಕ್ಸೆಲ್ ತೆಗೆದೆ. ಒಟ್ಟು 21 ಸಾಲು. ಪುಸ್ತಕ, ಅಧ್ಯಾಯ, ಯಾರು ಸಹಾಯ ಮಾಡ್ತಿದ್ದಾರೆ, ಯಾರಿಗೆ ಅಂತ ಕಾಲಂ ಹಾಕಿದೆ.

ಎರಡು ಸಾಲು ಆದಿಕಾಂಡದ ಹೆಂಗಸಿನ ಬಗ್ಗೆ. ಮೂರು ಸಾಲು ಮನುಷ್ಯರ ಸಹಾಯದ ಬಗ್ಗೆ, ಯೆಶಾಯ, ಯೆಹೆಜ್ಕೇಲ, ದಾನಿಯೇಲ ಪುಸ್ತಕಗಳಲ್ಲಿ. ಉಳಿದ 16ರಲ್ಲೂ ಸಹಾಯ ಬರೋದು ದೇವರಿಂದ. ಯುದ್ಧದಲ್ಲಿ ಬರೋ ಸಹಾಯ, ಸಾಯೋ ಹೊತ್ತಲ್ಲಿ ಬರೋ ಸಹಾಯ. ಮೋಶೆಯ ಮಗನ ಹೆಸರು ಎಲೀಯೆಜೆರ್, ನನ್ನ ದೇವರು ನನ್ನ ನೆರವು ಅಂತ. ನಮ್ಮ ಕಡೆ ಎಬಿನೇಜರ್ ಅಂತ ಹೆಸರಿಟ್ಟುಕೊಂಡವರು ಇದ್ದಾರಲ್ಲ, ಅದೂ ಇದೇ ಧಾತುವಿನದು, ನೆರವಿನ ಕಲ್ಲು ಅಂತ ಅರ್ಥ.

ನನಗೆ ತಲೆ ತಿರುಗಿತು. ಟೇಬಲ್‌ನಲ್ಲಿ ಅಕ್ಕನ ಬಾಯಿ ಮುಚ್ಚಿಸಿದ ಪದವೇ ದೇವರಿಗೆ ಬಳಸಿರೋ ಪದ! ಅವತ್ತೇ ಒಂದು ರೀಲ್ ಮಾಡಿದೆ. ಒಂದು ನಿಮಿಷಕ್ಕೂ ಕಡಿಮೆ. ಏಜೆರ್ ಅಂದ್ರೆ ಸಹಾಯಕಿ ಅಲ್ಲ, ದೇವರಂಥ ರಕ್ಷಕಿ, ಗಂಡಸಿಗಿಂತ ಮೇಲು, ಅಂತ ದೊಡ್ಡ ದನಿಯಲ್ಲಿ ಹೇಳಿದೆ. ನನ್ನ ಇಎಂಐ ಎಪಿಸೋಡ್‌ಗಳಿಗೆ ಬರದಷ್ಟು ಲೈಕ್ ಬಂತು.

ಎರಡು ದಿನ ಬಿಟ್ಟು ಒಬ್ಬರು ಕೇಳುಗರು ಮೇಲ್ ಮಾಡಿದ್ರು. ಹೀಬ್ರೂ ಚೆನ್ನಾಗಿ ಓದಿದವರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು: ನಿಮ್ಮ ಪಟ್ಟಿಯಲ್ಲಿ ಯೆಹೆಜ್ಕೇಲ ಹನ್ನೆರಡನೇ ಅಧ್ಯಾಯ ಇದೆಯಾ, ಅಲ್ಲಿ ಏಜೆರ್ ಯಾರು?

ಶೀಟ್ ತೆಗೆದೆ. 19ನೇ ಸಾಲು. ಅಲ್ಲಿ ಏಜೆರ್ ಅಂದ್ರೆ ಒಬ್ಬ ಅರಸನ ಸುತ್ತ ಇರೋ ಆಳುಗಳು, ಅವನ ಬೆಂಬಲಕ್ಕೆ ನಿಂತವರು. ಅರಸನಿಗಿಂತ ಕೆಳಗಿನವರು. ನಾನೇ ಟೈಪ್ ಮಾಡಿದ ಸಾಲು. ರೀಲ್ ಮಾಡುವಾಗ ಕಣ್ಣಿಗೆ ಬಿದ್ದಿತ್ತು, ಬೇಕಂತಲೇ ಬಿಟ್ಟಿದ್ದೆ. ಅಕೌಂಟ್ಸ್‌ನಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ. ಲಾಭ ಕಾಣೋ ಎಂಟ್ರಿ ಮುಂದೆ ಇಡೋದು, ಬೇಡದ ಎಂಟ್ರಿ ಬಚ್ಚಿಡೋದು. ಬ್ಯಾಲೆನ್ಸ್ ಶೀಟ್‌ನಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ನಾನು ಇಲ್ಲಿ ಕೂತು ಅರ್ಧ ಗಂಟೆ ಬೈತೀನಿ.

ಏಜೆರ್ ಅನ್ನೋ ಪದ ಸಹಾಯ ಅಂತ ಹೇಳುತ್ತೆ, ಅಷ್ಟೇ. ಸಹಾಯ ಮಾಡೋರು ಮೇಲಿನವರೋ ಕೆಳಗಿನವರೋ ಅಂತ ಆ ಪದ ಹೇಳಲ್ಲ. ದೇವರೂ ಆಗಬಹುದು, ಆಳೂ ಆಗಬಹುದು. ಹಿರಿಯರು ಆ ಪದದೊಳಗೆ 'ಕೆಳಗೆ' ಅಂತ ತುಂಬಿದ್ರು. ನಾನು 'ಮೇಲೆ' ಅಂತ ತುಂಬಿದೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಈ ಥರದ ತಪ್ಪಿನ ಬಗ್ಗೆ ಜೇಮ್ಸ್ ಬಾರ್ ಅನ್ನೋ ವಿದ್ವಾಂಸರು 1961ರಲ್ಲೇ ಒಂದು ಪುಸ್ತಕ ಬರೆದು ಎಚ್ಚರಿಸಿದ್ದಾರೆ. ಪದದ ಮೂಲ ಹುಡುಕಿ, ಇದೇ ಅದರ 'ನಿಜವಾದ' ಅರ್ಥ ಅನ್ನೋದು ತಪ್ಪು, ಪದ ವಾಕ್ಯದಲ್ಲಿ ಹೇಗೆ ಬಳಕೆ ಆಗಿದೆ ಅನ್ನೋದೇ ಮುಖ್ಯ ಅನ್ನೋದು ಅವರ ವಾದ. ನಮ್ಮ ಉಪ್ಪಿಟ್ಟನ್ನೇ ತಗೊಳ್ಳಿ. ಉಪ್ಪು, ಹಿಟ್ಟು. ಎರಡು ಸಾವಿರ ವರ್ಷದ ಮೇಲೆ ಯಾರೋ ಒಬ್ಬರು ನಿಘಂಟು ನೋಡಿ, ಕನ್ನಡದವರು ಬೆಳಗ್ಗೆ ಎದ್ದು ಉಪ್ಪು ಬೆರೆಸಿದ ಹಿಟ್ಟು ತಿಂತಿದ್ರು ಅಂತ ಬರೆದ್ರೆ? ರವೆ ಎಲ್ಲಿ, ಒಗ್ಗರಣೆ ಎಲ್ಲಿ, ಮೇಲೆ ಹಾಕೋ ಕಾಯಿತುರಿ ಎಲ್ಲಿ? ಮೂಗು, ಗರ್ಭಕೋಶದ ಉದಾಹರಣೆಗಳನ್ನೂ ಈ ಎಚ್ಚರಿಕೆಯಿಂದಲೇ ಕೇಳಿ. ರಖಮೀಮ್ ಅಂದಾಗೆಲ್ಲ ಹೀಬ್ರೂ ಮಾತಾಡೋರಿಗೆ ಗರ್ಭಕೋಶ ನೆನಪಾಗಲೇಬೇಕು ಅಂತೇನಿಲ್ಲ. ಆ ತಾಯಿಯ ಕಥೆಯಲ್ಲಿ ನೆನಪಾಗುತ್ತೆ, ಯಾಕಂದ್ರೆ ಕಥೆಯೇ ತಾಯಿಯದು.

ರೀಲ್ ಡಿಲೀಟ್ ಮಾಡಿದೆ. ಶೀಟ್‌ಗೆ ವಾಪಸ್ ಬಂದೆ. ಆವಾಗ ಗೊತ್ತಾಯ್ತು, ಮೊದಲ ಪದದ ಹಿಂದೆ ಬಿದ್ದು ಎರಡನೇ ಪದವನ್ನ ನೋಡೇ ಇಲ್ಲ ಅಂತ.

ಕೆನೆಗ್ದೋ. ಒಂದೇ ಪದ, ಮೂರು ತುಂಡು. 'ಕೆ' ಅಂದ್ರೆ ಹಾಗೆ, ಅಂತೆ. 'ನೆಗೆದ್' ಅಂದ್ರೆ ಎದುರು, ಮುಂದೆ. ಕೊನೆಯ 'ಓ' ಅಂದ್ರೆ ಅವನ. ಕನ್ನಡದವರಿಗೆ ಇದು ಸುಲಭ, ನಾವೂ 'ಮನೆಯವರಿಗೂ' ಅಂತ ಒಂದೇ ಪದದಲ್ಲಿ ಎಲ್ಲ ಅಂಟಿಸ್ತೀವಿ. ಒಟ್ಟಿಗೆ ಅರ್ಥ: ಅವನ ಎದುರಿಗೆ ಇರುವಂಥ, ಅವನಿಗೆ ಎದುರಾಗಿ ಸರಿಹೊಂದುವಂಥ. ಈ ರೂಪ ಇಡೀ ಹೀಬ್ರೂ ಗ್ರಂಥದಲ್ಲಿ ಬರೋದು ಎರಡೇ ಸಲ. ಎರಡೂ ಇದೇ ಅಧ್ಯಾಯದಲ್ಲಿ. ಅಂದ್ರೆ ಹೋಲಿಸೋಕೆ ಬೇರೆ ಜಾಗವೇ ಇಲ್ಲ. ಎಕ್ಸೆಲ್ ಇಲ್ಲಿ ಕೆಲಸಕ್ಕೆ ಬರಲ್ಲ. ಕಥೆಯನ್ನೇ ಓದಬೇಕು.

ಕಥೆ ಏನು? ಮನುಷ್ಯ ಒಬ್ಬನೇ ಇದ್ದಾನೆ, ಅದು ಸರಿಯಲ್ಲ. ಆಗ ದೇವರು ತಕ್ಷಣ ಹೆಂಗಸನ್ನ ಮಾಡಲ್ಲ. ಮೊದಲು ಪ್ರಾಣಿ ಪಕ್ಷಿಗಳನ್ನ ಅವನ ಹತ್ರ ತರ್ತಾನೆ. ಅವನು ಎಲ್ಲಕ್ಕೂ ಹೆಸರಿಡ್ತಾನೆ. ದನ ಕರು ಎಲ್ಲ ಬರುತ್ತವೆ. ಆದ್ರೆ ಏಜೆರ್ ಕೆನೆಗ್ದೋ ಸಿಗಲ್ಲ.

ಇಲ್ಲಿ ನಿಂತು ಯೋಚನೆ ಮಾಡಿ. ಬರೀ ಸಹಾಯ ಬೇಕಿದ್ರೆ ಎತ್ತು ಸಾಕಿತ್ತು. ಹೊಲ ಉಳುತ್ತೆ, ಗಾಡಿ ಎಳೆಯುತ್ತೆ, ಎದುರು ಮಾತಾಡಲ್ಲ. ಕಥೆಯೇ ಎತ್ತನ್ನ ಸಾಲದು ಅಂತ ಪಕ್ಕಕ್ಕೆ ಇಟ್ಟಿದೆ. ಬೇಕಾಗಿದ್ದದ್ದು ಕೆನೆಗ್ದೋ, ಎದುರಿಗೆ ನಿಲ್ಲಬಲ್ಲ ಒಬ್ಬರು. ನಮ್ಮ ಟೇಬಲ್‌ನಲ್ಲಿ ಹಿರಿಯರು ಬಿಟ್ಟದ್ದು ಈ ಪದವನ್ನ. ಅಕ್ಕ ಅವತ್ತು ಏನು ಮಾಡಿದ್ದಳು? ಅವಳ ಬದುಕಿನ ತೀರ್ಮಾನಕ್ಕೆ ಅವಳೇ ಎದುರು ಕೂತು ಮಾತಾಡಬೇಕಾಗಿತ್ತು. ಅವಳಿಗೆ ಕುರ್ಚಿಯೂ ಇರಲಿಲ್ಲ, ಬಡಿಸ್ತಾ ನಿಂತಿದ್ದಳು.

ಇದು ನನ್ನ ಹೊಸ ಸಂಶೋಧನೆ ಏನಲ್ಲ. ಫ್ರಾನ್ಸ್‌ನ ತ್ರ್ವಾ ಪಟ್ಟಣದಲ್ಲಿ 1040ರಿಂದ 1105ರವರೆಗೆ ಬದುಕಿದ್ದ ರಾಶಿ ಅನ್ನೋ ಯೆಹೂದಿ ವಿದ್ವಾಂಸರು ಇದೇ ಪದದ ಹತ್ರ ನಿಂತಿದ್ದಾರೆ. ತಾಲ್ಮುದ್‌ನ ಮಾತನ್ನ ಆಧಾರ ಮಾಡಿಕೊಂಡು ಅವರು ಹೇಳೋದರ ಸಾರ ಇಷ್ಟು: ಅವನು ಯೋಗ್ಯನಾಗಿದ್ರೆ ಅವಳು ನೆರವು, ಅಲ್ಲದಿದ್ರೆ ಅವಳು ಎದುರಾಳಿ. ಒಂಬೈನೂರು ವರ್ಷದಿಂದ ಯೆಹೂದಿ ಮನೆಗಳಲ್ಲಿ ಮಕ್ಕಳು ರಾಶಿಯನ್ನ ಓದ್ತಾ ಬಂದಿದ್ದಾರೆ. ಅವರಲ್ಲಿ ಪಂಚಗ್ರಂಥವನ್ನ 54 ಭಾಗ ಮಾಡಿ, ವಾರ ವಾರ ಓದಿ, ವರ್ಷಕ್ಕೊಮ್ಮೆ ಮುಗಿಸಿ, ಮುಗಿಸಿದ ದಿನವೇ ಮತ್ತೆ ಮೊದಲ ಪುಟದಿಂದ ಶುರು ಮಾಡ್ತಾರೆ. ಆ ವಾರದ ಭಾಗವನ್ನ ಎರಡು ಸಲ ಹೀಬ್ರೂದಲ್ಲಿ, ಒಂದು ಸಲ ಅರಾಮಿಕ್ ಅನುವಾದದಲ್ಲಿ ಓದೋ ಪದ್ಧತಿಯೂ ಇದೆ. ಎಲ್ಲರಿಗೂ ಹೊಸದಾಗಿ ಕಾಣೋ ಅರ್ಥ ನನಗೆ ಒಂದೇ ರಾತ್ರಿಯಲ್ಲಿ ಸಿಕ್ಕಿತು ಅಂತ ಅನಿಸಿದಾಗ, ಇವರೆಲ್ಲ ಏನು ಹೇಳಿದ್ದಾರೆ ಅಂತ ಒಮ್ಮೆ ನೋಡೋದು ಒಳ್ಳೇದು.

ಇಂಗ್ಲಿಷ್‌ನಲ್ಲಿ ಈ ಪದಕ್ಕೆ ಏನಾಯ್ತು ಗೊತ್ತಾ? 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ 'ಹೆಲ್ಪ್' ಮತ್ತು 'ಮೀಟ್' ಅಂತ ಎರಡು ಪದ ಇತ್ತು. ಆಗಿನ ಇಂಗ್ಲಿಷ್‌ನಲ್ಲಿ ಮೀಟ್ ಅಂದ್ರೆ ತಕ್ಕ, ಸರಿಹೊಂದುವ. ಕಾಲ ಕಳೆದ ಹಾಗೆ ಜನ ಎರಡನ್ನೂ ಸೇರಿಸಿ 'ಹೆಲ್ಪ್‌ಮೀಟ್' ಅಂದ್ರು, ಆಮೇಲೆ 'ಹೆಲ್ಪ್‌ಮೇಟ್' ಆಯ್ತು. ಸರಿಹೊಂದುವ ಅನ್ನೋ ಅರ್ಥ ಕರಗಿಹೋಯ್ತು, ಉಳಿದದ್ದು ಸಹಾಯ ಮಾಡೋ ಹೆಂಡತಿ. ಇಷ್ಟು ನೋಡಿದ ಮೇಲೆ ಕನ್ನಡದ 'ಸಹಕಾರಿ' ಅನ್ನೋದು ಒಳ್ಳೆಯ ಆಯ್ಕೆ ಅಂತಲೇ ನನಗೆ ಅನಿಸುತ್ತೆ. ಸಹ ಅಂದ್ರೆ ಜೊತೆಗೆ. ಆ ಅನುವಾದಕರು ನಮಗೆ ಮೋಸ ಮಾಡಿಲ್ಲ. ಪುಟದಲ್ಲಿ ಸರಿಯಾಗೇ ಇದ್ದ ಪದ, ಪುಟದಿಂದ ಊಟದ ಟೇಬಲ್‌ಗೆ ಬರೋದ್ರೊಳಗೆ ಸಹಾಯಕಿ ಆಗಿತ್ತು.

ಇದೆಲ್ಲ ತಿಳಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಮಾತಾಡಿದೆ. 21 ಸಾಲು, 19ನೇ ಸಾಲು, ಎತ್ತು, ರಾಶಿ, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಎತ್ತಿನ ವಿಷಯಕ್ಕೆ ಜೋರಾಗಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಚೆನ್ನಾಗಿದೆ ಕಣೋ. ಆದ್ರೆ ಅವತ್ತು ನನಗೆ ಹೀಬ್ರೂ ಬೇಕಿರಲಿಲ್ಲ. ನೀನು ತಟ್ಟೆಯಿಂದ ತಲೆ ಎತ್ತಿ, ಅಕ್ಕನಿಗೆ ಹೋಗೋಕೆ ಇಷ್ಟ ಇದೆಯಾ ಅಂತ ಒಂದು ಸಲ ಕೇಳಿದ್ರೆ ಸಾಕಿತ್ತು. ನಿಮ್ಮ ಭಾವನ್ನೂ ಅವತ್ತು ಯಾರೂ ಕೇಳಲಿಲ್ಲ.

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎರಡು ವರ್ಷ ಪದ ಹುಡುಕಿದ್ದು ಅವತ್ತು ಒಂದು ಮಾತು ಆಡದೇ ಇದ್ದದ್ದಕ್ಕೆ ನಾನು ಕಟ್ಟಿದ ದಂಡವೋ ಏನೋ. ಅವಳ ಆಫೀಸಿನಲ್ಲಿ ಈ ವರ್ಷ ಮತ್ತೆ ಪ್ರಮೋಷನ್ ಪಟ್ಟಿ ಬರುತ್ತಂತೆ. ಹೆಸರು ಕೊಡ್ತಾಳೋ ಇಲ್ವೋ, ಅದು ಅವಳಿಗೆ ಬಿಟ್ಟದ್ದು. ಈ ಸಲ ಕೇಳೋದನ್ನಂತೂ ಕೇಳಿದ್ದೀನಿ.

ಹಾಗಂತ ಓದಿದ್ದು ವ್ಯರ್ಥ ಅಂತ ಅನಿಸಲ್ಲ. ಯಾರಾದ್ರೂ 'ಪುಸ್ತಕದಲ್ಲೇ ಇದೆ' ಅಂದ್ರೆ, ಎಲ್ಲಿದೆ, ಯಾವ ಪದ, ತೋರಿಸಿ ಅಂತ ಮರ್ಯಾದೆಯಿಂದಲೇ ಕೇಳೋ ಧೈರ್ಯ ಬಂದಿದೆ. ನಾನೇ 'ಪುಸ್ತಕದಲ್ಲೇ ಇದೆ' ಅಂತ ಹೇಳೋಕೆ ಹೊರಟಾಗ 19ನೇ ಸಾಲು ನೆನಪಾಗುತ್ತೆ.

ನಿಮಗೂ ಶುರು ಮಾಡ್ಬೇಕು ಅಂತಿದ್ರೆ ನಾನು ಮಾಡಿದ್ದನ್ನ ಹೇಳ್ತೀನಿ. ಮೊದಲು 22 ಅಕ್ಷರ. ದಿನಕ್ಕೆ ಹತ್ತು ನಿಮಿಷ, ಪೆನ್ನಲ್ಲಿ ಬರೆದು ಕಲಿಯಿರಿ, ಫೋನಲ್ಲಿ ಬರೀ ನೋಡಿದ್ರೆ ಕೂರಲ್ಲ. ಕೀರ್ತನೆಗಳಲ್ಲಿ 119ನೆಯದು ಒಳ್ಳೆ ಅಭ್ಯಾಸ. ಅದರಲ್ಲಿ 176 ವಚನ, 22 ಗುಂಪು, ಪ್ರತಿ ಗುಂಪಿನ ಎಂಟು ವಚನಗಳೂ ಒಂದೇ ಅಕ್ಷರದಿಂದ ಶುರುವಾಗುತ್ತವೆ, ವರ್ಣಮಾಲೆಯ ಕ್ರಮದಲ್ಲೇ. ಅನುವಾದದಲ್ಲಿ ಈ ಆಟ ಕಾಣಿಸಲ್ಲ. ಆಮೇಲೆ ಸೆಫಾರಿಯಾ ಅಂತ ಒಂದು ಉಚಿತ ಆ್ಯಪ್ ಇದೆ, ಅದರಲ್ಲಿ ಹೀಬ್ರೂ ಪಠ್ಯ, ರಾಶಿಯ ವ್ಯಾಖ್ಯಾನ, ನಿಘಂಟು ಎಲ್ಲ ಒಟ್ಟಿಗೆ ಸಿಗುತ್ತೆ. ಒಂದು ಪದ ಹಿಡಿದ್ರೆ ಅದು ಬರೋ ಎಲ್ಲ ಜಾಗ ನೋಡಿ, ನಿಮಗೆ ಇಷ್ಟ ಆಗದ ಜಾಗವನ್ನ ಮೊದಲು ನೋಡಿ. ಪಕ್ಕದ ಪದವನ್ನ ಬಿಡಬೇಡಿ. ಕನ್ನಡದ ಎರಡು ಅನುವಾದ ಪಕ್ಕ ಪಕ್ಕ ಇಟ್ಟುಕೊಳ್ಳಿ. ಎರಡೂ ಒಂದೇ ಥರ ಇಲ್ಲದ ಜಾಗದಲ್ಲಿ ನಿಂತು ಮೂಲ ನೋಡಿ, ಅಲ್ಲೇ ಏನೋ ಇರುತ್ತೆ.

ಮುಂದಿನ ಸಂಚಿಕೆಯಲ್ಲೂ ಸ್ವಲ್ಪ ಹೀಬ್ರೂ ಇರುತ್ತೆ, ಜೊತೆಗೆ ವ್ಯಾಪಾರವೂ ಇರುತ್ತೆ. ಎಸ್ತೇರಳ ಪುಸ್ತಕದ ಮೊದಲ ವಚನದಲ್ಲೇ ಹೊದ್ದು ಅಂತ ಒಂದು ದೇಶದ ಹೆಸರು ಬರುತ್ತೆ. ಅದು ನಮ್ಮದೇ, ಇಂಡಿಯಾ. ಅದೇ ಅಧ್ಯಾಯದಲ್ಲಿ ಕರ್ಪಸ್ ಅನ್ನೋ ಬಟ್ಟೆ, ಸಂಸ್ಕೃತದ ಕರ್ಪಾಸ, ಅಂದ್ರೆ ಹತ್ತಿ. ಸೊಲೊಮೋನನ ಹಡಗುಗಳು ತಂದ ತುಕ್ಕಿ ಅನ್ನೋ ಪಕ್ಷಿಯ ಹೆಸರನ್ನ ತಮಿಳಿನ ತೋಕೈ, ನಮ್ಮ ಹಳೆಯ ಪದ 'ತೋಕೆ' ಜೊತೆ ಜೋಡಿಸೋ ವಿದ್ವಾಂಸರಿದ್ದಾರೆ. ಅಲ್ಲೂ ವಿಂಡೋ ಡ್ರೆಸ್ಸಿಂಗ್ ಮಾಡದೆ ಹೇಳೋಕೆ ಪ್ರಯತ್ನ ಮಾಡ್ತೀನಿ.

ನಿಮ್ಮ ಮನೆಯ ಟೇಬಲ್‌ನಲ್ಲಿ ಮಾತು ಮುಗಿಸೋಕೆ ಬಳಸೋ ಪದ ಯಾವುದು? ಯಾವ ಪುಸ್ತಕದ್ದೇ ಆಗ್ಲಿ, ಯಾವ ಭಾಷೆಯದ್ದೇ ಆಗ್ಲಿ, ಕಾಮೆಂಟ್‌ನಲ್ಲಿ ಬರೀರಿ, ಇಲ್ಲ ವಾಯ್ಸ್ ನೋಟ್ ಕಳಿಸಿ.